ಮುಚ್ಚಳ

ವಾಸ್ಕೊದಾಗ, ಮೀನ ಮಾರ್ಕೆಟ್ಟಿನ ಹಿಂದ,
ಎರಡನೇ ಮಾಳಿಗಿ ಮ್ಯಾಲ ನಮ್ಮ ಕ್ಲಿನಿಕ್ಕು.
ಮಂಚ ಎರಡು. ಫ್ಯಾನು ಒಂದ.
ಮಂಗಳವಾರ ಸಂಜೀಕ ಇಬ್ಬರೂ ಬರ್ತಾರ,
ಫ್ಯಾನಿನ ಕೆಳಗಿನ ಮಂಚಕ್ಕ ಜಗಳಾಡ್ತಾರ.

ಮಿನಿನ್ ಕುಲಾಸೊ, ಲೆಫ್ಟ್ ಬ್ಯಾಕು.
ತೊಂಬತ್ತು ನಿಮಿಷ, ಹತ್ತು ಕಿಲೋಮೀಟರು,
ಓಟ, ನಿಲುಗಡಿ, ಮತ್ತ ಓಟ.
ಅವನ ತೊಡಿ ಹಿಂದಿನ ನರ ಬಾವಿ ಹಗ್ಗ;
ಹೆಬ್ಬಟ್ಟು ಒತ್ತಿದರ
ಹಿಂದಿನ ಮೂರು ಮ್ಯಾಚು ಕೈಗೆ ಹತ್ತತಾವ.
ಕಾಲಬೆರಳ ಉಗುರು ಎರಡು ಕರ್ರಗ,
ಒಂದು ಇಲ್ಲೇ ಇಲ್ಲ.
ಕೈ ಮಾತ್ರ ಗುಮಾಸ್ತನ ಕೈ, ಮೆತ್ತಗ.

ಉಲ್ಹಾಸ ಗಾಂವಸ, ನಂಬರ್ ಎಪ್ಪತ್ತೊಂದು.
ವೆರ್ಣಾದ ಕೆಂಪು ಮಣ್ಣು ಜಳಕಾ ಮಾಡಿದರೂ
ಅವನ ಕಿವಿಯೊಳಗ ಇರ್ತೈತಿ.
ನೂರು ಕಿಲೋ ಗಾಡಿ, ಇಪ್ಪತ್ತೈದು ನಿಮಿಷ,
ಅರ್ಧಾ ಕುಂತು ಅರ್ಧಾ ನಿಂತು,
ಗ್ವಾಡಿ ಹಾರೂ ಮುಂಚಿನ ಹುಂಜದಂಗ.
ಅವನ ಮುಂಗೈ ಮುಟ್ಟಿದರ ಸಾಗವಾನಿ ಹಲಗಿ.
ರಕ್ತ ಒಳಗ ಬರ್ತೈತಿ, ಹೊರಗ ಹೋಗಾಕ ದಾರಿಲ್ಲ,
ಆರು ಗಂಟೆಯ ಕದಂಬ ಬಸ್ಸಿನ ಬಾಗಲಾ.
ಹೆಗಲ ಮುಂದಿನ ಎಲುವು ಎರಡು ಸರ್ತಿ ಮುರದು ಕೂಡೇತಿ,
ಕೂಡಿದಲ್ಲಿ ಬೆಲ್ಲದ ಅಚ್ಚಿನಂಗ ಉಬ್ಬೇತಿ.

"ನಿಂದೇನಪಾ, ಎಂಜಿನ್ ಓಡತೈತಿ, ನೀ ಕುಂದರತಿ"
ಅಂತಾನ ಮಿನಿನ್, ಕೊಂಕಣಿಯಾಗ, ನಗಕೋತ.
"ನೀ ಸುಸ್ತಾದರ ಹುಲ್ಲಿನ ಮ್ಯಾಲ ಬಿದ್ದು ಹೊಳ್ಳಾಡತಿ,
ಸ್ಟ್ರೆಚರ್ ಬರ್ತೈತಿ.
ನಾ ಬಿದ್ದರ ಹಿಂದಿನ ಗಾಡಿ ಮೈಮ್ಯಾಲ ಬರ್ತೈತಿ."
ಎರಡು ವರ್ಷದ ಜಗಳಾ ಇದು.
ಎದಿ ಬಡಿತದ ಲೆಕ್ಕಾ ಇಬ್ಬರ ವಾಚಿನ್ಯಾಗೂ ಐತಿ:
ಅವನ್ದು ಏರತೈತಿ, ಇಳೀತೈತಿ, ಬಾಯ್ನಾದ ನೀರಿನಂಗ;
ಇವನ್ದು ಗೇಟು ಬಿದ್ದ ಕೂಡಲೇ ನೂರಾ ಎಂಬತ್ತೈದು,
ಧ್ವಜ ಬೀಸೂ ತನಕ ಅಲ್ಲೇ.
"ಶಂಕ್ರಾ ಬಾಯಿ, ನೀನ ಹೇಳು," ಅಂತಾರ.
ನಾ ಏನ ಹೇಳ್ಲಿ? ನನಗ ಗೊತ್ತಿರೂದು
ಎಣ್ಣಿ ಎಷ್ಟು ಹತ್ತತೈತಿ ಅನ್ನೂದು.
ಅವನ ಕಾಲಿಗೆ ಅರ್ಧಾ ವಾಟಗಾ.
ಇವನಿಗೆ ಕುತ್ತಿಗಿಯಿಂದ ಮಣಿಕಟ್ಟಿನ ತನಕ, ಅಷ್ಟ.

ಕಡೀಕ ಒಂದು ಐತವಾರ ಪಂದ್ಯ ಕಟ್ಟಿದರು.
ಮುಂಜಾನೆ ಬೋಗ್ಮಾಳೊ ದಂಡಿ,
ಉಸುಕಿನ್ಯಾಗ ಓಡಿ ಹೋಗೂದು, ಓಡಿ ಬರೂದು.
ಹನ್ನೆರಡನೇ ಸರ್ತಿಗೆ ಉಲ್ಹಾಸ
ಎರಡೂ ಮೊಣಕಾಲು ಊರಿ ಪಾವ್ ಭಾಜಿ ಕಾರಿದ.
ನಾಯಿ ಒಂದು ಬಂದು ನೋಡಿ ಹೋತು.

ಮಧ್ಯಾಹ್ನ ವೆರ್ಣಾದ ಬಯಲು.
ಹೆಲ್ಮೆಟ್ಟು, ಎದಿಗೆ ಕವಚ, ಮೊಣಕಾಲಿಗೆ ಪಟ್ಟಿ.
"ಹಾರೂದು ಬ್ಯಾಡ, ದಿಬ್ಬ ಹತ್ತಿ ಇಳಿ ಸಾಕು."
ನಾಕನೇ ಸುತ್ತಿಗೆ ಮಿನಿನ್ ಬ್ರೇಕು ಹಿಡೀಲಾರದ
ಗೇರುಗಿಡದ ಪೊದಿಯೊಳಗ ನಿಧಾನಕ ಹೊಕ್ಕ.
ಏನೂ ಆಗಲಿಲ್ಲ. ಎದ್ದು ಬಂದು ಕಲ್ಲಿನ ಮ್ಯಾಲ ಕುಂತ.
ನೀರಿನ ಬಾಟ್ಲಿ ಕೊಟ್ಟೆ.
ಬೆರಳು ಮುಚ್ಚಳದ ಸುತ್ತ ಕುಂತವು,
ತಿರುವಲಿಲ್ಲ.
ಉಲ್ಹಾಸನ ಕಡೆ ಚಾಚಿದ.
ಅವನ ಕಾಲು ಮುಂಜಾನಿಂದ ನಡುಗತಿದ್ದವು,
ಎರಡು ಹೆಜ್ಜಿ ದೂರ ಕುಂತಾವ ಏಳಲಿಲ್ಲ.

ನಾ ತಗದು ಕೊಟ್ಟೆ.
ಒಂದ ತಿರುವು. ಟಕ್.
ಇಬ್ಬರೂ ನನ್ನ ಹೆಬ್ಬಟ್ಟು ನೋಡಿದರು,
ಎರಡು ವರ್ಷದಾಗ ಮೊದಲ ಸರ್ತಿ.

ದಿನಕ್ಕ ಹದಿನಾಕು ಮೈ ತಿಕ್ಕತೀನಿ.
ರಾತ್ರಿ ಝುವಾರಿನಗರದ ಬಸ್ಸಿನ್ಯಾಗ
ಕಂಬಿ ಹಿಡದರ ಕೈಗೆ ಬಿಡೂದು ಮರೀತೈತಿ;
ಸ್ಟಾಪು ಬಂದ ಮ್ಯಾಲ, ಇನ್ನೊಂದು ಕೈಲೆ,
ಒಂದೊಂದ ಬೆರಳು ಬಿಡಿಸಿಕೋತೀನಿ.
ಇದನ್ನ ಅವರಿಗೆ ಹೇಳಲಿಲ್ಲ.

ಮುಂದಿನ ಮಂಗಳವಾರ ಬಂದರು.
ಜಗಳಾ ಮುಗದಿರಬೇಕು ಅಂದಕೊಂಡಿದ್ದೆ.
ಹೊಸಾದು ಸುರುವಾಗೇತಿ:
ಕಾರೂದು ದೊಡ್ಡ ಸೋಲೋ,
ಪೊದಿ ಹೊಗೂದೋ?
ಫ್ಯಾನಿನ ಕೆಳಗಿನ ಮಂಚದ ಮ್ಯಾಲ
ಅವತ್ತು ನನ್ನ ಚೀಲಾ ಇಟ್ಟಿದ್ದೆ.