ಮುಕ್ಕಾಲು

ಉಸ್ತಾದ್ ವಗೀಹ್ ಅದನ್ನು ಕಂಬಳಿಯಲ್ಲಿ ಸುತ್ತಿ
ಐದು ಮಹಡಿ ಹೊತ್ತು ತಂದ. ಲಿಫ್ಟು ಕೆಟ್ಟು ಎರಡು ರಂಜಾನ್ ಕಳೆದಿತ್ತು.
ಊಟದ ಮೇಜಿನ ಮೇಲಿಳಿಸಿ ಏದುಸಿರಲ್ಲೇ ಅಂದ:
"ಇನ್ಶಿರಾಹ್, ಜೀವ ಇದೆ. ಅರಬ್ಬಿ ಮರೆತಿದೆ ಅಷ್ಟೆ."

ಇಪ್ಪತ್ತಾರು ಸ್ಕ್ರೂ. ಚಹಾ ತಟ್ಟೆಯಲ್ಲಿ ಎಣಿಸಿಟ್ಟೆ.
ಒಳಗೆ ಅವನು ನುಡಿಸಿದ ಮದುವೆಗಳು:
ಮಿನುಗುಚೂರು, ಸಕ್ಕರೆ ಬಾದಾಮಿಯ ಸಿಪ್ಪೆ,
ನಾಲ್ಕು ಮಡಿಕೆಯ ಐದು ಪೌಂಡಿನ ನೋಟು.
"ಅದು ನನ್ನದು" ಎಂದ, ಥಟ್ಟನೆ.

ಮೂಲೆಯಲ್ಲಿ ನೆನಪಿನ ಬ್ಯಾಟರಿ ಸೋರಿ
ಹಸಿರು ಕಿಲುಬು ತಾಮ್ರದ ಗೆರೆಗಳನ್ನು
ಒಂದೊಂದಾಗಿ ತಿಂದಿತ್ತು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಇಂಥದ್ದೇ ಕಿಲುಬಿನ ಜೊತೆ ಗುದ್ದಾಡಿದವಳು ನಾನು.
ಉಪ್ಪಿನಕಾಯಿಗೆಂದು ತಂದಿಟ್ಟ ವಿನಿಗರ್,
ಹಳೆಯ ಹಲ್ಲುಜ್ಜುವ ಬ್ರಷ್ಷು. ತಿಕ್ಕಿದೆ.
ಮನೆಯೆಲ್ಲ ಹುಳಿ, ಬೆಸುಗೆ, ಅವನ ಸಿಗರೇಟು.

ಮಾಡಿದ ಕಂಪನಿ ಈಗಿಲ್ಲ. ಇಟಲಿಯ ಆ ಕಾರ್ಖಾನೆಯಲ್ಲಿ
ಬಚ್ಚಲಿನ ಟೈಲು ಮಾರುತ್ತಾರೆಂದು ಯಾರೋ ಅವನಿಗೆ ಹೇಳಿದ್ದಾರೆ.
ಬಿಡಿಭಾಗ ಕೇಳಿದರೆ ಅತ್ತಾರೀನ್ ಬೀದಿಯ ಅಂಗಡಿಯವನು
ಸತ್ತವರ ವಿಳಾಸ ಕೇಳಿದಂತೆ ನೋಡಿದ.
ಕಡಿದ ಗೆರೆಗೆಲ್ಲ ಕೂದಲೆಳೆಯ ತಂತಿ ಎಳೆದೆ
(ಕೆಲಸ ಬಿಟ್ಟ ದಿನ ನನ್ನ ಕೈಚೀಲದಲ್ಲಿ ತಾನಾಗಿ ಬಂದದ್ದು).
ಹನ್ನೊಂದು ಕಡೆ ಬೆಸುಗೆ. ಎರಡು ಸಲ ಬೆರಳು ಸುಟ್ಟಿತು.

ಮೇಲೆ ಹನ್ನೆರಡು ಪುಟ್ಟ ಗುಂಡಿ,
ಒತ್ತಿದರೆ ಸ್ವರ ಕಾಲು ಮೆಟ್ಟಿಲು ಇಳಿಯಬೇಕು.
ಬಿಳಿಮನೆಯೂ ಅಲ್ಲ, ಕರಿಮನೆಯೂ ಅಲ್ಲ,
ನಡುಗೋಡೆಯೊಳಗೆ ಬಾಡಿಗೆಗಿರುವ ಸ್ವರ ಅದು;
ಅದಿಲ್ಲದೆ ಅಲೆಕ್ಸಾಂಡ್ರಿಯಾದಲ್ಲಿ ಯಾವ ಮದುಮಗಳೂ
ಹೊಸಿಲು ದಾಟುವುದಿಲ್ಲ.
ಐದನೆಯ ಗುಂಡಿ ಪೂರಾ ಸತ್ತಿತ್ತು.
ಮೊಮ್ಮಗನ ಮಾತಾಡುವ ಗಿಣಿಯ ಹೊಟ್ಟೆ ಸೀಳಿ ಒಂದು ಕಿತ್ತೆ.
ಅವನಿಗಿನ್ನೂ ಗೊತ್ತಿಲ್ಲ.

ಸಂಜೆ ಸ್ವಿಚ್ಚು ಹಾಕಿದೆ. ಗುಂಯ್ ಎಂದಿತು,
ಯೋಚಿಸಿತು, ದೀಪ ಬಂತು.
ಗುಂಡಿ ಒತ್ತಿದೆ, ಸ್ವರ ಇಳಿಯಿತು. ಎಷ್ಟು ಇಳಿಯಬೇಕು?
ಅವನು ಕೂಡಿಟ್ಟ ಅಳತೆಯೆಲ್ಲ ಬ್ಯಾಟರಿಯ ಜೊತೆ ಹೋಗಿದೆ.
ಕಾರ್ಖಾನೆಯ ಲೆಕ್ಕದಲ್ಲಿ ಐವತ್ತು.
"ಐವತ್ತು ಕಾಗದದ ಮಾತು. ನಲವತ್ತು ಮಾಡು.
ಅಲ್ಲ, ಮೂವತ್ತೆಂಟು. ಅಲ್ಲ,
ತಂತಾದಲ್ಲಿ ಮದುಮಗಳ ಸೋದರಮಾವ ಅತ್ತ ರಾತ್ರಿ
ನುಡಿಸಿದ್ದೆನಲ್ಲ, ಅಷ್ಟು."
ನಾನು ಆ ಮದುವೆಗೆ ಹೋಗಿರಲಿಲ್ಲ.

ನಾನು ಏರಿಸಿ ಇಳಿಸಿ, ಅವನು ಕಣ್ಣು ಮುಚ್ಚಿ ತಲೆಯಾಡಿಸಿ,
ಟ್ರಾಮು ಹೋಗಿ ಇನ್ನೊಂದು ಟ್ರಾಮು ಬಂತು.
ಕೆಳಗೆ ಗ್ಯಾಸಿನ ಹುಡುಗ ಸಿಲಿಂಡರಿಗೆ
ಸ್ಪ್ಯಾನರ್ ಬಡಿಯುತ್ತ ಬಂದ. ಟಣ್, ಟಣ್.
ವಗೀಹ್ ಕೈಯೆತ್ತಿದ. ತಡಿ.
ಕಿಟಕಿಯಲ್ಲಿ ಬಗ್ಗಿ ಕೇಳಿ ಬಂದು ಕೂತ:
"ಅದಕ್ಕಿಂತ ಒಂದು ಕೂದಲು ಕೆಳಗೆ."

ನಲವತ್ತೊಂದು. ಕ್ಯಾಲೆಂಡರಿನ ಮೂಲೆಯಲ್ಲಿ,
ಹಾಲಿನ ಲೆಕ್ಕದ ಕೆಳಗೆ, ಬರೆದಿಟ್ಟೆ.
ಮುಚ್ಚಿದ ಮೇಲೆ ತಟ್ಟೆಯಲ್ಲಿ ಎರಡು ಸ್ಕ್ರೂ ಉಳಿದವು.
ನಾನು ಹೇಳಲಿಲ್ಲ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ,
ನುಡಿಸುತ್ತಿದ್ದ.
ಗ್ಯಾಸಿನ ಹುಡುಗ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದ,
ತುಸು ಮೇಲಿನ ಶ್ರುತಿಯಲ್ಲಿ.