ಗಾಜಿನ ಗಾವಂತಿ

ಮುಹರ್ರಕ್ಕಿನಲ್ಲಿ ಮೂರನೇ ಮಾಳಿಗೆ.
ಒಂದು ಫ್ಲ್ಯಾಟು, ಎರಡು ಸಂಸಾರ,
ನಡುವೆ ಗಾಜಿನ ಬಾಗಿಲು.
ಆ ಕಡೆ ಉಳ್ಳಾಲದ ಮೈಮೂನ, ಈ ಕಡೆ ನಾನು.
ಗಾಜಿಗೆ ಹಳೆಯ ಅರಬ್ಬಿ ಪೇಪರು ಅಂಟಿಸಿದ್ದೆವು;
ವಿಮಾನ ಇಳಿದಾಗಲೆಲ್ಲ ಗಾಜು ಗುಂಯ್ ಎಂದು
ಒಂದೊಂದೇ ಮೂಲೆ ಬಿಚ್ಚಿಕೊಳ್ಳುತ್ತಿತ್ತು.
ಬಿಚ್ಚಿದಲ್ಲಿ ನನಗೆ ಅವಳ ಗಂಡನ ಬನಿಯನ್ನು,
ಅವಳಿಗೆ ನಮ್ಮ ಎಂಜಲು ತಾಟು.
ನೋಡದ ಹಾಗೆ ಇರುವುದೂ ಒಂದು ಕೆಲಸ;
ಎರಡು ವರ್ಷ ಮಾಡಿದೆವು.

ಚನ್ನವೀರ ತನ್ನ ವರ್ಕ್‌ಶಾಪಿನಿಂದ
ತಳದಲ್ಲಿ ಮೂರು ಬೆರಳಷ್ಟು ಉಳಿದ ಡಬ್ಬಿ ತಂದ.
ಗಟ್ಟಿ ಮೊಸರಿನಂಥ ಮುಲಾಮು.
"ಗಾಜು ತಿನ್ನತೈತಿ ಇದು. ಚರ್ಮಾನೂ ಬಿಡಂಗಿಲ್ಲ.
ಗ್ಲೌಸ್ ಹಾಕ್ಕೋ, ಕಿಡಕಿ ತಗಿ."
ಹೂವು ಬರೀತೀಯೇನು ಅಂತ ಕೇಳಿದ.
ನನಗೆ ಬರುವುದು ಒಂದೇ.

ಅವ್ವ ಇಳಕಲ್ಲಿನ ಸೆರಗನ್ನು ತೊಡೆಯ ಮೇಲೆ ಹರವಿ
ಎಳೆ ಎಣಿಸಿ ಎಣಿಸಿ ಕಸೂತಿ ಹಾಕುತ್ತಿದ್ದಳು.
"ಗಂಟು ಹಾಕಬ್ಯಾಡ, ಹುಡುಗಿ.
ತಿರುವಿ ನೋಡಿದರೂ ಅದ ಇರಬೇಕು.
ಹಿಂದೊಂದು ಮುಂದೊಂದು ಇದ್ದರ
ಅದು ಗಾವಂತಿ ಅಲ್ಲ, ಚಾಡಿ."

ಅಂಟುಕಾಗದದ ಮೇಲೆ ಚೌಕ ಎಳೆದೆ,
ಲೆಕ್ಕದ ಪಟ್ಟಿಯ ಹಾಗೆ.
ಬ್ಲೇಡಿನಿಂದ ಒಂದೊಂದೇ ಕೊಯ್ದು ತೆಗೆದೆ:
ಅಂಚಿಗೆ ಮುರ್ಗಿ, ಮೆಟ್ಟಿಲು ಮೆಟ್ಟಿಲು,
ನಡುವೆ ಅಂಬಾರಿಯಿಲ್ಲದ ಬರೀ ಆನೆ.
ನಾಲ್ಕು ರಾತ್ರಿ. ಕುತ್ತಿಗೆ ಹಿಡಿಯಿತು.

ಶುಕ್ರವಾರ ತಿರುಪು ಬಿಚ್ಚಿ ಬಾಗಿಲನ್ನು
ಬಚ್ಚಲಲ್ಲಿ ಮಲಗಿಸಿದೆವು.
ಬಾಗಿಲಿದ್ದ ಜಾಗಕ್ಕೆ ಮೈಮೂನ ಬೆಡ್‌ಶೀಟು ಕಟ್ಟಿದಳು.
ಅವಳ ಮಗಳು ಮಿನ್ಹಾ ಅದರ ಕೆಳಗೆ ನುಸುಳಿ ನುಸುಳಿ
ಇಡೀ ದಿನ ಈಚೆಗೂ ಆಚೆಗೂ;
ಮೀನು ಅಲ್ಲಿ ಉಂಡಳು, ಶೇಂಗಾ ಚಟ್ನಿ ಇಲ್ಲಿ ನೆಕ್ಕಿದಳು.

ಮುಲಾಮು ಸವರಿ ಹತ್ತು ನಿಮಿಷ.
ನೋಡಿದರೆ ಏನೂ ಆಗುತ್ತಿರಲಿಲ್ಲ.
ತೊಳೆದೆ. ಆಗಲೂ ಏನಿಲ್ಲ,
ನೀರಿನ ಕೆಳಗೆ ಬರೀ ಗಾಜು.
ಹಾಳಾಯಿತು ಅಂತ ಕುಕ್ಕರಗಾಲಲ್ಲೇ ಕೂತೆ.
ಆಮೇಲೆ ಒಣಗುತ್ತ ಬಂತು,
ಮೊದಲು ಬೆನ್ನು, ಆಮೇಲೆ ಕಾಲು,
ಉಸಿರು ಬಿಟ್ಟ ಕನ್ನಡಿಯ ಬಣ್ಣದ ಆನೆ.

ಸೊಂಡಿಲ ಹತ್ತಿರ ಕಾಗದ ಎದ್ದು
ಮುಲಾಮು ಒಳಗೆ ಸೇರಿತ್ತು. ಒಂದು ಮಬ್ಬು ಕಲೆ.
ನೂಲಾಗಿದ್ದರೆ ಬಿಚ್ಚುತ್ತಿದ್ದೆ.
ಕಣ್ಣಿನ ಚೌಕವನ್ನು ಕೊಯ್ಯಲು ಮರೆತಿದ್ದೆ,
ಅಲ್ಲಿ ಗಾಜು ಗಾಜಾಗಿಯೇ ಉಳಿದಿತ್ತು.
ಬಾಗಿಲು ಕೂರಿಸಿದ ಐದು ನಿಮಿಷಕ್ಕೆ
ಆ ಕಡೆಯಿಂದ ಮಿನ್ಹಾಳ ಕಣ್ಣು
ಆನೆಯ ಕಣ್ಣಲ್ಲಿ ಬಂದು ನಿಂತಿತು,
ರೆಪ್ಪೆ ಬಡಿಯಿತು.
"ಅಲ್ಲಿಗೆ ಸ್ವಲ್ಪ ಟೇಪ್ ಹಚ್ಚುವ ಅಕ್ಕ," ಅಂದಳು ಮೈಮೂನ.
ಹಚ್ಚೋಣ ಅಂದೆ.
ಹಚ್ಚಿಲ್ಲ.

ಆನೆ ನನಗೆ ಎಡಕ್ಕೆ ನಡೆಯುತ್ತದೆ, ಅವಳಿಗೆ ಬಲಕ್ಕೆ.
ಅವ್ವ ಇದನ್ನು ಒಪ್ಪುತ್ತಿದ್ದಳೋ ಇಲ್ಲವೋ.

ಹಬ್ಬದ ಹಿಂದಿನ ಸಂಜೆ, ಯಾರ ಹಬ್ಬವೋ ಈಗ ನೆನಪಿಲ್ಲ,
ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದೆ.
ಒರೆಸಿದಲ್ಲೆಲ್ಲ ಆನೆ ಕರಗಿತು.
ಸೊಂಡಿಲು ಹೋಯಿತು, ಬೆನ್ನು ಹೋಯಿತು,
ಆನೆ ಇದ್ದಲ್ಲಿ ಮೈಮೂನ,
ತಲೆಗೆ ಬಟ್ಟೆಯಿಲ್ಲದೆ, ನೆಲದ ಮೇಲೆ ಕೂತು
ಕೂದಲ ಸಿಕ್ಕು ಬಿಡಿಸುತ್ತಿದ್ದಳು.
ನಡುವೆ ಒಂದು ಹಿಡಿಯಷ್ಟು ನರೆ.
ಅಷ್ಟು ಚಿಕ್ಕವಳು.

ತಲೆಯೆತ್ತಿ ನೋಡಿದಳು.
ನಾನು ನೈಟಿ ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ,
ಕೈಯಲ್ಲಿ ನೀರು ತೊಟ್ಟಿಕ್ಕುವ ಬಟ್ಟೆ.
ಅವಳು ಸೆರಗು ಹುಡುಕಲಿಲ್ಲ. ನಾನು ಸರಿಯಲಿಲ್ಲ.
ಏಸಿಯ ಗಾಳಿ ಗಾಜನ್ನು ಒಣಗಿಸುತ್ತಿತ್ತು,
ಅಂಚಿನಿಂದ, ಮೆಟ್ಟಿಲು ಮೆಟ್ಟಿಲು.
ಅವಳ ಮೊಣಕಾಲು ಮುಚ್ಚಿತು, ಬಾಚಣಿಗೆ ಮುಚ್ಚಿತು.

ಬಕೆಟ್ಟಿನಲ್ಲಿ ಇನ್ನೂ ನೀರಿತ್ತು.
ಬಟ್ಟೆ ಅದ್ದಿದೆ.