ಚುಕ್ಕಿ

ಓಂಕಾರ ಬಂದ, ಬಗಲಾಗ ಲ್ಯಾಪ್‌ಟಾಪು.
"ಘಾಳೆಪ್ಪ ಕಾಕಾ, ನಿಮ್ಮ ದವಾಖಾನಿ ಇಲ್ಲೇ ಇಲ್ಲಲ್ಲ," ಅಂದ.
ನಾ ಹಿಂದಿನ ಗೋಡಿ ಮುಟ್ಟಿ ನೋಡಿದೆ.
ಇತ್ತು. ಸುಣ್ಣ ಕೈಗೆ ಹತ್ತಿತು.

ಫೋನಿನ ನಕಾಶಿ ಅಗಲ ಮಾಡಿ ತೋರಿಸಿದ:
ಹುಮನಾಬಾದ, ಹಳೇ ಬಜಾರ, ಕೆಂಪು ಚುಕ್ಕಿ.
ಆ ಬಾಡಿಗಿ ಮಳಿಗಿ ನಾವು ಬಿಟ್ಟು ಎಂಟು ವರ್ಷಾತು,
ಚುಕ್ಕಿ ಬಿಟ್ಟಿಲ್ಲ.
ಅಲ್ಲೀಗ ಹಲೀಮಾಬೀ ಬಳಿ ಅಂಗಡಿ.
ಹಳ್ಳಿಖೇಡದಿಂದ, ಘಾಟಬೋರಾಳದಿಂದ
ಕೆಮ್ಮಕೋತ, ಕುಂಟಕೋತ ಅಲ್ಲಿಗೇ ಹೋಗಿ ಇಳಿದವರಿಗೆ
ಆಕಿ ಗಿರಾಕಿಯ ಮುಂಗೈ ಒಂದು ಕೈಯಾಗ ಹಿಡಕೊಂಡೇ
ಇನ್ನೊಂದು ಕೈ ಎತ್ತಿ ದಾರಿ ಹೇಳ್ತಾಳ:
ಹಿಟ್ಟಿನ ಗಿರಣಿ ದಾಟ್ರಿ, ಬೇವಿನ ಗಿಡದ ಎಡಕ್ಕ ಹೊಳ್ರಿ,
ಹನ್ನೊಂದಕ್ಕ ಚಾ ಕುಡೀತಾರ, ಅಷ್ಟರಾಗ ಮುಟ್ರಿ.
ಒಂದು ರೂಪಾಯಿ ಕೇಳಿಲ್ಲ ನಮಗ.
"ಇದಕ್ಕ ಆರ್ಗ್ಯಾನಿಕ್ ಅಂತಾರ," ಅಂದ ಓಂಕಾರ.
ಗೊಬ್ಬರದ ಮಾತು ಅಂದ್ಕೊಂಡು ಸುಮ್ಮನಾದೆ.

"ನಿಮ್ಮಲ್ಲಿ ವಿಶೇಷ ಏನು, ಬರೀಲಿ?"
ಚೀಟಿ ಮ್ಯಾಲಿನ ಅಕ್ಷರ ತಿಳೀತಾವ.
ಬೀಡಿ ಸೇದವರಿಗೆ ಕನ್ನಡ, ಉರ್ದು, ಮರಾಠಿ
ಮೂರರಾಗೂ ಬೈತಾರ.
"ಇವಕ್ಕ ಖಾನೆ ಇಲ್ಲ ಕಾಕಾ."

ಫೋಟೋ ಬೇಕಂತ.
ಕೈ ಕಟ್ಟಿ ನಗಬೇಕಂತ ಡಾಕ್ಟ್ರು.
ವೈಜನಾಥ ಡಾಕ್ಟ್ರಿಗೆ ಕೈ ಎಲ್ಲಿಡಬೇಕೋ ತಿಳೀವಲ್ದು.
ಮೂವತ್ತೊಂದು ವರ್ಷ ಯಾರದೋ ಹೊಟ್ಟಿ ಮ್ಯಾಲ,
ಯಾರದೋ ಕೂಸಿನ ನೆತ್ತಿ ಮ್ಯಾಲ ಇದ್ದ ಕೈ
ತನ್ನ ಎದಿ ಮ್ಯಾಲ ಕುಂದ್ರವಲ್ದು.
ಕಡೀಕ ನನ್ನ ಕರೆದು ನನ್ನ ಮುಂಗೈ ಹಿಡಿದರು.
"ಹಾಂ, ಈಗ ತಗಿ."
ಫೋಟೋ ತಗದಾತು. ಕೈ ಬಿಡಲಿಲ್ಲ.
ಗಡಿಯಾರ ನೋಡಿದರು. ಮತ್ತೊಮ್ಮೆ ನೋಡಿದರು.
"ಘಾಳೆಪ್ಪ, ನಾಳಿ ಮುಂಜಾನಿ ಉಪಾಸ ಬಾ. ರಕ್ತ ಕೊಡು."
"ಛಲೋ ಬಂದದ," ಅಂದ ಓಂಕಾರ, ಪರದೆ ನೋಡಿಕೋತ.

ಮಂದಿ ಅಭಿಪ್ರಾಯ ಅಂತ ಇದ್ದದ್ದು ಒಂದೇ.
ಒಂದೇ ಚುಕ್ಕಿ ಕೊಟ್ಟು ಯಾವನೋ ಬರದಾನ:
ಸೂಜಿ ಮಾಡಲಿಲ್ಲ. ಬರೀ ನೀರು ಕುಡಿ ಅಂದ. ರೊಕ್ಕ ದಂಡ.
ಅದಕ್ಕೂ ಔಷಧ ಅದ ಓಂಕಾರನ ಹತ್ರ:
ಎರಡೂವರಿ ಸಾವಿರಕ್ಕ ಐವತ್ತು ಮಂದಿ,
ಒಬ್ಬೊಬ್ಬರೂ ಐದೈದು ಚುಕ್ಕಿ,
ಸೂರತ್ ಕಡೆಯವರು, ಹುಮನಾಬಾದ ಕಂಡವರಲ್ಲ.
ಡಾಕ್ಟ್ರು ಚಷ್ಮಾ ಒರಸ್ಕೋತ ಕೇಳಿದರು:
"ಏನಾಗ್ಯದ ಅವರಿಗೆ?"
"ಏನೂ ಆಗಿಲ್ರಿ."
"ಮತ್ತ ನನ್ನ ಹತ್ರ ಯಾಕ ಬರ್ತಾರ?"

ಆಮ್ಯಾಲ ನನಗ ಬರೀ ಅಂದರು.
ಒಂದೇ ಬಟ್ಟಿಲೆ ಒತ್ತಿ ಒತ್ತಿ ಬರದೆ:
ತಮ್ಮಾ, ಜ್ವರ ಇಳೀತೇನು?
ಉತ್ತರ ಬಂದಿಲ್ಲ ಇನ್ನಾ.
ಡಾಕ್ಟ್ರು ದಿನಾ ಕೇಳ್ತಾರ. ನಾನೂ ದಿನಾ ತಗದು ನೋಡ್ತೀನಿ.

ಓಂಕಾರ ಚುಕ್ಕಿ ಎಳೆದು ತಂದು
ಬೇವಿನ ಗಿಡದ ಬಾಜೂಕ ಬಿಟ್ಟ.
ನಾ ಖುಷೀಲೆ ಹಲೀಮಾಬೀಗೆ ಹೇಳಲಾಕ ಹೋದೆ:
ಇನ್ನ ನಿನಗ ತ್ರಾಸಿಲ್ಲವ್ವ.
ಆಕಿ ಡಜನ್ ಎಣಿಸೋದು ನಿಲ್ಲಿಸಿದಳು.
"ದಾರಿ ಕೇಳಲಾಕ ಬಂದವರಾಗ
ದಿನಕ್ಕ ಇಬ್ಬರರೆ ಬಳಿ ಇಡಿಸಿಕೊಂಡು ಹೋಗ್ತಿದ್ದರು, ಭೈಯ್ಯಾ."
ಮತ್ತ ಎಣಿಸಿದಳು, ಒಂದರಿಂದ.

ಅಲ್ಲಿಂದಲೇ ಫೋನ್ ಹಚ್ಚಿದೆ.
ಚುಕ್ಕಿ ಇದ್ದಲ್ಲೇ ಇರಲಿ, ಕೆಳಗ ಒಂದು ಸಾಲು ಬರೀ:
ದಾರಿ ತಿಳೀದಿದ್ರ ಹಲೀಮಾಬೀ ಬಳಿ ಅಂಗಡ್ಯಾಗ ಕೇಳ್ರಿ.
"ಹಂಗ ಯಾರೂ ಬರಿಯಂಗಿಲ್ಲ ಕಾಕಾ."
ಬರೀ ಅಂದೆ.

ಈಗ ಮೊಣಕೈ ಮಡಚಿ ಕುಂತೀನಿ
ರೋಗಿಗಳ ಬಾಕಿನ ಮ್ಯಾಲ, ಮೊದಲ ಸಲ.
ಹತ್ತಿ ತಗದು ನೋಡಿದರ
ಒಂದು ಕೆಂಪು.
ರಿಪೋರ್ಟ್ ಸಂಜೀಕ ಬರ್ತದ ಅಂತ.